ಅಂಬಾಬಾಯಿಯ ದೀಪ ತೆಗೆಸಿದ್ದು

ವಿದ್ಯುತ್ ಖಾತೆಗೆ ಹೊಸದಾಗಿ ಸೇರುವ ಹುಡುಗರು ಆಗೀಗ ನಮ್ಮ ಮನೆಗೆ ಬರುತ್ತಾರೆ. ಆ ಮುದುಕನಿಗೆ ಹಳೆಯದೆಲ್ಲ ಗೊತ್ತು, ಹೋಗಿ ಕೇಳಿ ಎಂದು ಯಾರೋ ಅವರಿಗೆ ಹೇಳಿರುತ್ತಾರೆ. ಚಹಾ ಕುಡಿಯುತ್ತ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶಿಸ್ತು, ಪ್ರಾಮಾಣಿಕತೆ, ಸಮಯಪಾಲನೆ ಎಂದು ಶುರುಮಾಡುತ್ತೇನೆ. ಒಳಗಿನಿಂದ ನನ್ನ ಹೆಂಡತಿ ಗಂಗಾ ಕೆಮ್ಮುತ್ತಾಳೆ. ಅವಳಿಗೆ ನೆಗಡಿಯೂ ಇಲ್ಲ, ದಮ್ಮೂ ಇಲ್ಲ. ಆ ಕೆಮ್ಮಿನ ಕಾಟಕ್ಕೆ ಬಾಯಿಂದ ಹೇಳುವುದನ್ನು ಬಿಟ್ಟು ಈಗ ಬರೆಯಲು ಕೂತಿದ್ದೇನೆ.

ನಾನು ಧಾರವಾಡದ ಕಡೆಯವನು. ಮೆಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಪುಣೆಯಲ್ಲಿದ್ದ ಸೋದರಮಾವನ ಕೈಕಾಲು ಹಿಡಿದು, ಅಲ್ಲಿಯ ವಿದ್ಯುತ್ ಕಂಪನಿಯೊಂದರಲ್ಲಿ ವೈರ್‌ಮನ್ ಆಗಿ ಸೇರಿದೆ. ಆಮೇಲೆ ಮೀಟರ್ ಓದುವವನಾದೆ, ಆಮೇಲೆ ಇನ್‌ಸ್ಪೆಕ್ಟರ್ ಆದೆ. ಹೇಗಾದೆ ಎಂದು ಕೇಳಬೇಡಿ. ನನಗಿಂತ ಮೇಲಿದ್ದವರು ಒಬ್ಬೊಬ್ಬರೇ ನಿವೃತ್ತರಾದರು, ಅಷ್ಟೆ.

ಯುದ್ಧಕ್ಕೆ ಮೊದಲು ನಮ್ಮ ಕೆಲಸ ಜನರಿಗೆ ಹೆಚ್ಚು ಕರೆಂಟು ಸುಡುವುದನ್ನು ಕಲಿಸುವುದಾಗಿತ್ತು. ನಮ್ಮ ಸಾಹೇಬರು ಪಾರಸಿ ಜನ, ಸೊರಾಬಜಿ ಎಂದು ಹೆಸರು, ದೊಡ್ಡ ಮೈ, ಸಣ್ಣ ಧ್ವನಿ. ಅವರು ನನ್ನ ಕೈಗೆ ಒಂದು ವಿದ್ಯುತ್ ಇಸ್ತ್ರಿ ಕೊಟ್ಟು ಮನೆಮನೆಗೆ ಹೋಗಿ ತೋರಿಸಿ ಬಾ ಎಂದರು. ಸದಾಶಿವ ಪೇಠೆಯ ಒಬ್ಬ ವಕೀಲರ ಮನೆಯಲ್ಲಿ, ಇದ್ದಲಿ ಬೇಡ, ಬೂದಿ ಇಲ್ಲ, ಬಟ್ಟೆಗೆ ಒಂದು ಕಲೆ ಆಗುವುದಿಲ್ಲ ಎಂದು ನಾನು ಮರಾಠಿಯಲ್ಲಿ ಭಾಷಣ ಮಾಡುತ್ತ ನಿಂತೆ. ಭಾಷಣ ಚೆನ್ನಾಗಿಯೇ ಬಂತು. ಇಸ್ತ್ರಿ ಮಾತ್ರ ಅಷ್ಟು ಹೊತ್ತೂ ವಕೀಲರ ಮಡಿಯ ಪೀತಾಂಬರದ ಮೇಲೆ ಕೂತಿತ್ತು. ಎತ್ತಿದಾಗ ಇಸ್ತ್ರಿಯ ಆಕಾರದ ಕಿಟಕಿಯೊಂದು ಬಿದ್ದಿತ್ತು. ವಕೀಲರ ಹೆಂಡತಿ, ಇದ್ದಲಿಯ ಇಸ್ತ್ರಿಯಾದರೆ ಇಷ್ಟರಲ್ಲಿ ಆರಿ ತಣ್ಣಗಾದರೂ ಆಗಿರುತ್ತಿತ್ತು ಎಂದಳು. ನನ್ನ ಆ ತಿಂಗಳ ಪಗಾರದಲ್ಲಿ ಪೀತಾಂಬರ ಹೋಯಿತು.

ಯುದ್ಧ ಬಂತು, ಮಾತು ತಿರುಗಿತು. ಕಾರಖಾನೆಗಳಿಗೆ ಕರೆಂಟು ಬೇಕು, ಬಜಾರದಲ್ಲಿ ಬಲ್ಬು ಸಿಗುವುದಿಲ್ಲ, ಎಲ್ಲದರ ಬೆಲೆ ಏರಿದೆ, ಮನೆಗಳಲ್ಲಿ ಉಳಿತಾಯ ಕಲಿಸಿ ಎಂದು ಹುಕುಂ ಆಯಿತು. ಇಸ್ತ್ರಿ ಕೊಳ್ಳಿ ಎಂದು ಯಾವ ಮನೆಗಳ ಬಾಗಿಲು ಬಡಿದಿದ್ದೆನೋ ಅದೇ ಬಾಗಿಲು ಬಡಿದು, ಇಸ್ತ್ರಿ ಮುಟ್ಟಬೇಡಿ ಎಂದು ಹೇಳುತ್ತ ಸೈಕಲ್ಲಿನ ಮೇಲೆ ತಿರುಗಿದೆ. ನನಗೆ ನಾಚಿಕೆಯಾಯಿತೇ? ಇಲ್ಲ. ಖಾಕಿ ಕೋಟು ಹಾಕಿಕೊಂಡವನಿಗೆ ಅದೆಲ್ಲ ಆಗುವುದಿಲ್ಲ.

ಉಳಿತಾಯದ ಮಾತುಗಳೇನೋ ಒಳ್ಳೆಯವೇ. ಬಲ್ಬಿನ ಮೇಲಿನ ಧೂಳು, ಒಲೆಯ ಮಸಿ ವಾರಕ್ಕೊಮ್ಮೆ ಒರೆಸಿ. ಗೋಡೆಗೆ ಸುಣ್ಣ ಬಳಿದರೆ ಸಣ್ಣ ಬಲ್ಬಿನಲ್ಲೇ ಕೋಣೆ ತುಂಬ ಬೆಳಕಾಗುತ್ತದೆ. ಜಂತಿಗೆ ನೇತುಹಾಕಿದ ಬಲ್ಬನ್ನು ಕೆಲಸ ಮಾಡುವ ಜಾಗಕ್ಕೆ ಇಳಿಸಿ, ಮೇಲೊಂದು ತಗಡಿನ ಬುಟ್ಟಿ ಕಟ್ಟಿ. ಇಸ್ತ್ರಿ ಇದ್ದವರು ಒಂದು ಅಂಗಿಗಾಗಿ ಕಾಯಿಸದೆ ವಾರದ ಬಟ್ಟೆ ಒಟ್ಟಿಗೆ ತೆಗೆಯಿರಿ. ಇವನ್ನು ಈಗಲೂ ಮಾಡಬಹುದು, ಬಿಲ್ಲು ಇಳಿದೇ ಇಳಿಯುತ್ತದೆ. ಕೆಟ್ಟದ್ದಿದ್ದುದು ಹೇಳುವವನ ತಲೆಯಲ್ಲಿ. ಊರಿಗೆಲ್ಲ ಹೇಳಿ ಮನೆಗೆ ಬಂದರೆ ನಮ್ಮ ಜಗಲಿಯ ದೀಪ ಹಾಡಹಗಲೇ ಉರಿಯುತ್ತಿತ್ತು, ಬೆಳಿಗ್ಗೆ ಅವಸರದಲ್ಲಿ ನಾನೇ ಆರಿಸದೆ ಹೋಗಿದ್ದು. ಗಂಗಾ ಅದನ್ನು ಬೇಕೆಂದೇ ಹಾಗೇ ಬಿಟ್ಟಿರುತ್ತಿದ್ದಳು. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ ಎಂದು ಆಕೆ ಹೇಳುವಾಗ ನಾನು ಬದನೇಕಾಯಿ ತಿನ್ನುವುದನ್ನೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ.

ಈಗ ನಿಜವಾದ ಸಂಗತಿಗೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೀ ಹರಟೆ.

ಶನಿವಾರ ಪೇಠೆಯ ಒಂದು ವಾಡೆಯ ಮೇಲಂತಸ್ತಿನಲ್ಲಿ ಎರಡು ಬಿಡಾರಗಳಿದ್ದವು. ಒಂದರಲ್ಲಿ ಬೆಳಗಾವಿ ಕಡೆಯ ಗೋಪಾಳರಾಯರು, ಮಿಲಿಟರಿ ಕಚೇರಿಯ ಕಾರಕೂನರು. ಅವರ ಹೆಂಡತಿ ಸುಂದ್ರಾಬಾಯಿ. ಅವರ ಜೊತೆಗೆ ರಾಯರ ತಂಗಿ ಅಂಬಾಬಾಯಿ. ಈಕೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಮಾಸ್ತರಿಣಿಯಾಗಬೇಕೆಂದು ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜು ಸೇರಿದ್ದಳು. ಎದುರಿನ ಬಿಡಾರದಲ್ಲಿ ಮರಾಠಿ ಜನ ಬಾಪೂಸಾಹೇಬರು, ಸಣ್ಣ ಗುತ್ತಿಗೆದಾರರು.

ನಾನಿನ್ನೂ ವೈರ್‌ಮನ್ ಆಗಿದ್ದಾಗ ಆ ಎರಡೂ ಮನೆಗಳಿಗೆ ದಸರೆಯ ದಿನ ಒಟ್ಟಿಗೆ ಲೈಟು ಹಾಕಿದವನು ನಾನೇ. ಹೊಸ ಮೀಟರು ಎರಡೂ ಒಂದೇ ಥರ, ನಂಬರು ಮಾತ್ರ ಬೇರೆ. ಯಾವ ನಂಬರು ಯಾರದು ಎಂದು ಆಫೀಸಿನಲ್ಲೇ ದಫ್ತರದಲ್ಲಿ ಬರೆದಾಗಿತ್ತು. ಆಯುಧಪೂಜೆಯ ಹುರುಪಿನಲ್ಲಿದ್ದ ಸುಂದ್ರಾಬಾಯಿಯವರು ಎರಡೂ ಮೀಟರುಗಳನ್ನು ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಬಳಿದು, ಆರತಿ ಎತ್ತಿದರು. ಕೆಳಗಿನ ಅಂಕಣದ ಗೋಡೆಗೆ ಕೂರಿಸುವ ಹೊತ್ತಿಗೆ ನಂಬರಿನ ಮೇಲೆ ಬೆರಳು ದಪ್ಪ ಕುಂಕುಮ. ಒರೆಸಿ ನೋಡಬೇಕಿತ್ತು. ಹಬ್ಬದ ದಿನ, ಮುತ್ತೈದೆ ಹಚ್ಚಿದ ಕುಂಕುಮವನ್ನು ಅವಳ ಎದುರಿಗೇ ಒರೆಸುವುದು ಹೇಗೆ? ಎಡಗಡೆಯದು ಗೋಪಾಳರಾಯರದು ಇರಬೇಕು ಎಂದು ಅಂದಾಜಿನ ಮೇಲೆ ಕೂರಿಸಿದೆ. ಕೂರಿಸಿದ ಮೇಲೆ ಒಂದು ಮನೆಯ ದೀಪ ಹಚ್ಚಿ, ಯಾವ ಮೀಟರಿನ ಚಕ್ರ ತಿರುಗುತ್ತದೆ ನೋಡಿ, ಅದನ್ನು ಆರಿಸಿ ಇನ್ನೊಂದನ್ನು ಹಚ್ಚಬೇಕು. ಅದು ನಮ್ಮ ಕೆಲಸದ ಮೊದಲ ಪಾಠ. ಆದರೆ ಮುಹೂರ್ತ ಮೀರುತ್ತಿತ್ತು. ಎರಡೂ ಮನೆಯವರು ಒಂದೇ ಗಳಿಗೆಗೆ ದೀಪ ಹಚ್ಚಿದರು, ಎರಡೂ ಚಕ್ರಗಳು ತಿರುಗಿದವು, ಎಲ್ಲರೂ ಕೈಮುಗಿದರು. ನಾನು ಎರಡೂ ಕಡೆ ಶಿರಾ ತಿಂದು ಮನೆಗೆ ಹೋದೆ.

ಮೀಟರುಗಳು ಅದಲುಬದಲಾಗಿದ್ದವು. ಗೋಪಾಳರಾಯರು ಸುಟ್ಟ ಕರೆಂಟು ಬಾಪೂಸಾಹೇಬರ ಬಿಲ್ಲಿಗೆ, ಅವರು ಸುಟ್ಟದ್ದು ಇವರ ಬಿಲ್ಲಿಗೆ ಹೋಗುತ್ತಿತ್ತು. ಕುಂಕುಮ ಉದುರಿ ನಂಬರು ಕಂಡ ಮೇಲೆ ಎಲ್ಲರೂ ನಂಬರು ನೋಡಿಯೇ ಬರೆದುಕೊಂಡರು, ದಫ್ತರ ನೋಡಿಯೇ ಬಿಲ್ಲು ಮಾಡಿದರು. ಎರಡೂ ಮನೆಗಳಲ್ಲಿ ಎರಡೆರಡೇ ದೀಪ ಇದ್ದುದರಿಂದ ವರ್ಷಗಟ್ಟಲೆ ಯಾರಿಗೂ ಏನೂ ತಿಳಿಯಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು, ನಿಮಗೆ ಮೊದಲೇ ಹೇಳಿಬಿಟ್ಟಿದ್ದೇನೆ. ನನ್ನ ಬುದ್ಧಿವಂತಿಕೆಯನ್ನು ನೀವು ಸರಿಯಾಗಿ ನೋಡಬೇಕಲ್ಲ.

ಯುದ್ಧದಲ್ಲಿ ಬಾಪೂಸಾಹೇಬರಿಗೆ ಮಿಲಿಟರಿ ಗುತ್ತಿಗೆ ಸಿಕ್ಕಿತು. ಮನೆಗೆ ರೇಡಿಯೋ ಬಂತು, ಫ್ಯಾನು ಬಂತು, ಇಸ್ತ್ರಿ ಬಂತು, ನೀರಲ್ಲಿ ಅದ್ದಿ ಕಾಯಿಸುವ ಕರೆಂಟಿನ ಸರಳೂ ಬಂತು. ಗೋಪಾಳರಾಯರ ಬಿಲ್ಲು ಏರತೊಡಗಿತು. ಅವರು ನನ್ನನ್ನು ಕರೆಸಿದರು. ನಾನು ಆಗ ಉಳಿತಾಯದ ಇನ್‌ಸ್ಪೆಕ್ಟರು. ಬಲ್ಬು ಒರೆಸಿ ಎಂದೆ, ಒರೆಸಿದರು. ಸುಣ್ಣ ಬಳಿಸಿ ಎಂದೆ, ರಾಯರು ರಜೆ ಹಾಕಿ ತಾವೇ ಬಳಿದರು. ಸಣ್ಣ ಬಲ್ಬು ಹಾಕಿ ಎಂದೆ, ಹಾಕಿದರು. ಅವರು ಎಷ್ಟು ಬಿಗಿಹಿಡಿದರೂ ಬಿಲ್ಲು ಮೇಲೆಯೇ ಹೋಯಿತು.

ಇತ್ತ ಬಾಪೂಸಾಹೇಬರ ಬಿಲ್ಲು ತಿಂಗಳಿಂದ ತಿಂಗಳಿಗೆ ಇಳಿಯಿತು. ಆ ಪುಣ್ಯಾತ್ಮರು ಇದೆಲ್ಲ ನನ್ನ ಉಪದೇಶದ ಫಲವೆಂದು ನಂಬಿ ನನಗೆ ಚಹಾದ ಜೊತೆ ಚಿವಡಾ ಕೊಡುತ್ತಿದ್ದರು. ಬಿಲ್ಲು ಇಳಿಯಿತೆಂಬ ಧೈರ್ಯದಲ್ಲಿ ಫ್ಯಾನನ್ನು ಇಡೀ ದಿನ ತಿರುಗಿಸುತ್ತಿದ್ದರು. ನಾನು ಅವರ ಮನೆಯಲ್ಲಿ ಕೂತು, ಫ್ಯಾನಿನ ಗಾಳಿ ಸೇವಿಸುತ್ತ, ರೇಡಿಯೋ ಕೇಳುತ್ತ, ಇಷ್ಟೆಲ್ಲ ಇದ್ದೂ ಇಷ್ಟು ಕಡಿಮೆ ಬಿಲ್ಲು ಹೇಗೆ ಎಂದು ಯೋಚಿಸಿ, ಗೋಡೆಯ ಸುಣ್ಣ ಭಾಳ ಬಿಳುಪಾಗಿದೆ, ಅದೇ ಕಾರಣ ಎಂದು ತೀರ್ಮಾನಿಸಿದೆ. ಸೊರಾಬಜಿ ಸಾಹೇಬರಿಗೆ ಇದು ಮಾದರಿ ಮನೆ ಎಂದು ವರದಿ ಬರೆದೆ. ಅವರು ಓದಿ, ಬೇರೆ ಗಿರಾಕಿಗಳಿಗೂ ತೋರಿಸು ಎಂದರು. ಎರಡು ಭಾನುವಾರ ಜನರನ್ನು ಕರೆದುಕೊಂಡು ಹೋಗಿ ಬಾಪೂಸಾಹೇಬರ ಗೋಡೆ ತೋರಿಸಿ ಬಂದೆ.

ಮೂರನೆಯ ಸಲ ಗೋಪಾಳರಾಯರ ಮನೆಗೆ ಹೋದಾಗ ನನ್ನ ಬತ್ತಳಿಕೆ ಖಾಲಿಯಾಗಿತ್ತು. ಮನೆಯಲ್ಲಿ ಯಾರು ಯಾವಾಗ ದೀಪ ಹಚ್ಚುತ್ತಾರೆ ಎಂದು ಕೇಳಿದೆ. ಅಂಬಾಬಾಯಿ ಬೆಳಗಿನ ನಾಲ್ಕಕ್ಕೆ ಎದ್ದು ಅಡಿಗೆಮನೆಯ ಮೂಲೆಯಲ್ಲಿ ಒಂದೂವರೆ ತಾಸು ಓದುತ್ತಾಳೆ ಎಂದು ಸುಂದ್ರಾಬಾಯಿ ಹೇಳಿದರು. ನನಗೆ ಕಳ್ಳ ಸಿಕ್ಕಷ್ಟು ಸಂತೋಷವಾಯಿತು. ಒಂದೂವರೆ ತಾಸಿಗೆ ಇಷ್ಟು ಬಿಲ್ಲು ಬರುವುದಿಲ್ಲ, ಆಕೆ ಹೆಚ್ಚು ಹೊತ್ತು ಉರಿಸುತ್ತಿರಬೇಕು, ಓದುತ್ತ ನಿದ್ದೆ ಹೋಗುತ್ತಿರಬೇಕು ಎಂದೆ. ಮೀಟರು ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದೆ. ಅಂಬಾಬಾಯಿ ಒಳಗೆ ಹಿಟ್ಟು ನಾದುತ್ತಿದ್ದಳು. ಎಲ್ಲ ಕೇಳಿಸುತ್ತಿತ್ತು. ಮೂಲೆಯ ಬಲ್ಬನ್ನು ನಾನೇ ಸ್ಟೂಲು ಹತ್ತಿ ಬಿಚ್ಚಿ ರಾಯರ ಕೈಗಿಟ್ಟೆ.

ಸೀಮೆಎಣ್ಣೆಗೆ ರೇಶನ್ನು. ಹಗಲೆಲ್ಲ ಮನೆಗೆಲಸ, ಕಾಲೇಜು. ಆಕೆಗೆ ಓದಲು ಇದ್ದುದು ಆ ಒಂದೂವರೆ ತಾಸು ಮಾತ್ರ.

ದೀಪ ತೆಗೆದ ಮೇಲೂ ಎರಡು ತಿಂಗಳು ಬಿಲ್ಲು ಇಳಿಯಲಿಲ್ಲ. ಗೋಡೆಯಲ್ಲೆಲ್ಲೋ ತೇವ ಹತ್ತಿ ಕರೆಂಟು ಸೋರುತ್ತಿರಬಹುದೆಂದು ಒಂದು ಮಧ್ಯಾಹ್ನ ಹೋದೆ. ಮೇಲಿನ ಮುಖ್ಯ ಸ್ವಿಚ್ಚು ಆರಿಸಲು ಸುಂದ್ರಾಬಾಯಿಗೆ ಹೇಳಿ ಕೆಳಗಿನ ಅಂಕಣದಲ್ಲಿದ್ದ ಮೀಟರಿನ ಮುಂದೆ ನಿಂತೆ. ಗೋಪಾಳರಾಯರ ಮೀಟರಿನ ಚಕ್ರ ಗಿರಗಿರ ತಿರುಗುತ್ತಲೇ ಇತ್ತು. ಮೇಲೆ ಬಾಪೂಸಾಹೇಬರ ರೇಡಿಯೋ ಹಾಡುತ್ತಿತ್ತು. ಸ್ವಿಚ್ಚು ಹಾಕಿ ಒಂದು ದೀಪ ಹಚ್ಚಿರಿ ಎಂದು ಕೂಗಿದೆ. ಅಷ್ಟು ಹೊತ್ತೂ ನಿಂತಿದ್ದ ಪಕ್ಕದ ಮೀಟರು ಮೆಲ್ಲಗೆ ಹೊರಟಿತು. ಹಚ್ಚಿಸಿದೆ, ಆರಿಸಿದೆ, ಮತ್ತೆ ಹಚ್ಚಿಸಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಒಳ್ಳೆಯವನಾಗಿದ್ದರೆ ಆಗಲೇ ಮೇಲೆ ಹೋಗಿ ಹೇಳುತ್ತಿದ್ದೆ. ನಾನು ಚೀಲದಿಂದ ಇಕ್ಕಳ ತೆಗೆದು ತಂತಿಗಳನ್ನು ಅದಲುಬದಲು ಮಾಡಿ ಸರಿಪಡಿಸಿದೆ. ತೇವ ಗೀವ ಏನೂ ಇಲ್ಲ, ಎಲ್ಲ ಸರಿಯಾಗಿಯೇ ಇದೆ ಎಂದು ಸುಂದ್ರಾಬಾಯಿಗೆ ಹೇಳಿ ಸೈಕಲ್ಲು ಹತ್ತಿದೆ. ತಪ್ಪು ಸರಿಹೋಯಿತು, ಯಾರಿಗೂ ನೋವಿಲ್ಲ ಎಂದು ಲಕ್ಷ್ಮೀ ರಸ್ತೆಯ ಉದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮುಂದಿನ ತಿಂಗಳು ಗೋಪಾಳರಾಯರು ಪುಣೆಯ ದಂಡುಪ್ರದೇಶವಾದ ಕ್ಯಾಂಪಿನಲ್ಲಿದ್ದ ನಮ್ಮ ಆಫೀಸಿಗೇ ಬಂದರು. ಮುಖ ಅರಳಿತ್ತು. ಬಿಲ್ಲು ಪಾತಾಳಕ್ಕೆ ಇಳಿದಿತ್ತು.

"ಭೀಮರಾವ್, ನೀವು ಹೇಳಿದ್ದs ಖರೆ ಆತು ನೋಡ್ರಿ," ಎಂದರು. "ಅಂಬೂನ ದೀಪ ತಗದ್ವಿ, ಬಿಲ್ಲು ಇಳೀತು. ನಡುವಿನ ಬಿಲ್ಲಿನೊಳಗ ಹಿಂದಿನ ಬಾಕಿ ಸೇರಿತ್ತು ಕಾಣಸ್ತದ. ಒಂದೂವರೆ ತಾಸು ಒಂದೂವರೆ ತಾಸು ಅಂತ ದೇವರ ಮುಂದ ಕೈಯಿಟ್ಟು ಹೇಳಿದ್ದಳು ಆಕಿ. ನನಗ ಸುಳ್ಳು ಹೇಳಿದ್ದು ಭಾಳ ಕೆಟ್ಟನಸ್ತದ."

ಬಿಲ್ಲಿನ ಸಿಟ್ಟು ಅವರಿಗೆ ಇರಲಿಲ್ಲ, ಅದು ಈಗ ಇಳಿದಿತ್ತು. ಸುಳ್ಳಿನ ಸಿಟ್ಟಿತ್ತು. ಹುಕ್ಕೇರಿ ಕಡೆಯ ಹಳ್ಳಿಯಲ್ಲಿ ಆಕೆಯ ಅತ್ತೆಮನೆ. ಕೆಲಸಕ್ಕೆ ಒಂದು ಕೈ ಬೇಕು ಎಂದು ಅಲ್ಲಿಂದ ಕರೆಯುತ್ತಲೇ ಇದ್ದರಂತೆ. ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಷ್ಟೇ ಇದ್ದರೂ, ಯುಗಾದಿ ಮುಗಿಯುತ್ತಲೇ ಕಳಿಸಿಬಿಡುತ್ತೇನೆ, ಪತ್ರ ಬರೆದಾಗಿದೆ ಎಂದರು. ನಾನು ಅವರಿಗೆ ಚಹಾ ತರಿಸಿ ಕೊಟ್ಟೆ. ಬಾಯಿ ಬಿಡಲಿಲ್ಲ. ಸುಮ್ಮನೆ ಸರಿಪಡಿಸಿ ಜಾಣನಾದೆ ಎಂದುಕೊಂಡಿದ್ದೆನಲ್ಲ, ಆ ಜಾಣತನವೇ ಆ ಹೆಣ್ಣುಮಗಳ ಮೇಲೆ ಸಾಕ್ಷಿ ಹೇಳಿತ್ತು. ಆಕೆಯ ದೀಪ ಹೋಗಿದೆ, ಬಿಲ್ಲು ಇಳಿದಿದೆ. ಯಾವ ಕೋರ್ಟಾದರೂ ಒಪ್ಪುತ್ತಿತ್ತು.

ಆ ಸಂಜೆ ಊಟ ಸೇರಲಿಲ್ಲ. ಗಂಗಾ ಬಿಡಲಿಲ್ಲ, ಎಲ್ಲ ಹೊರಗೆ ಬಂತು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೀರಲ್ಲ ಎಂದಳು. ಹೇಳಿದರೆ ನೌಕರಿ ಹೋಗಬಹುದು ಎಂದೆ. ಆಕೆ ತಟ್ಟೆ ಎತ್ತಿಕೊಂಡು ಎದ್ದಳು.

"ಮೀಟರಿಗೆ ಬಾಯಿ ಇಲ್ರೀ. ನಿಮಗ ಬಾಯಿ ಅದ ಅಲ್ಲ."

ಮರುದಿನ ಬೆಳಿಗ್ಗೆ ರಾಯರು ಕಚೇರಿಗೆ ಹೊರಡುವ ಮೊದಲೇ ಹೋದೆ. ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹಳೆಯ ಕಾಲದ ಕೂಡಿಕೆ, ತಂತಿಯ ಗುಣ ಎಂದು ಏನೇನೋ ಹೇಳಿದೆ. ರಾಯರಿಗೆ ಏನೂ ಅರ್ಥವಾಗಲಿಲ್ಲ. ಕಡೆಗೆ ಕೋಟು ಬಿಚ್ಚಿ ಪಕ್ಕಕ್ಕಿಟ್ಟು, ಮೀಟರು ತಪ್ಪು ಕೂರಿಸಿದವನು ನಾನು, ಇಷ್ಟು ದಿನ ನೀವು ಕಟ್ಟಿದ್ದು ಬಾಪೂಸಾಹೇಬರ ಫ್ಯಾನಿನ ಬಿಲ್ಲು, ನಿಮ್ಮ ತಂಗಿ ಹೇಳಿದ ಒಂದೂವರೆ ತಾಸು ಅಕ್ಷರಶಃ ನಿಜ ಎಂದೆ. ಕಳೆದ ತಿಂಗಳು ನಾನು ಕದ್ದು ಸರಿಪಡಿಸಿದ್ದನ್ನೂ ಹೇಳಿದೆ.

ಗೋಪಾಳರಾಯರು ಅಂದದ್ದನ್ನು ಬರೆಯುವುದಿಲ್ಲ, ಅವರ ಸಿಟ್ಟು ನ್ಯಾಯವಾದದ್ದು. ಗದ್ದಲ ಕೇಳಿ ಬಾಪೂಸಾಹೇಬರೂ ಬಂದರು. ತಮ್ಮ ಬಿಲ್ಲು ಈ ತಿಂಗಳು ಏಕೆ ಏರಿತು, ಮಾದರಿ ಮನೆಯ ಗುಟ್ಟೇನು ಎಂದು ತಿಳಿದು ಪೆಚ್ಚಾದರು, ವ್ಯತ್ಯಾಸವನ್ನೆಲ್ಲ ತುಂಬಿಕೊಡುತ್ತೇನೆ ಎಂದು ಅಲ್ಲಿಯೇ ಒಪ್ಪಿಕೊಂಡರು. ಆಮೇಲೆ ಮನೆಯ ಫ್ಯಾನು ಆರಿಸಲು ಅವಸರದಿಂದ ಹೋದರು.

ಅಂಬಾಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಷ್ಟು ವರ್ಷಗಳಲ್ಲಿ ಆಕೆ ನನ್ನೊಂದಿಗೆ ಮಾತಾಡಿದ್ದು ಅದೇ ಮೊದಲು.

"ಮೂರು ಸಲ ಬಂದ್ರಿ," ಎಂದಳು. "ಬಲ್ಬು ನೋಡಿದ್ರಿ, ಗ್ವಾಡಿ ನೋಡಿದ್ರಿ, ಅಣ್ಣನ್ನ ಕೇಳಿದ್ರಿ, ವೈನೀನ್ನ ಕೇಳಿದ್ರಿ. ನಾ ಒಳಗs ಇದ್ದೆ. ನನ್ನ ಒಂದು ಮಾತು ಕೇಳಲಿಲ್ಲ ನೀವು."

ಆ ಬಲ್ಬನ್ನು ರಾಯರಿಂದ ಇಸಿದುಕೊಂಡು ಸ್ಟೂಲು ಹತ್ತಿ ಮತ್ತೆ ಹಾಕಿದೆ.

ಸೊರಾಬಜಿ ಸಾಹೇಬರು ಕಥೆಯನ್ನೆಲ್ಲ ಕೇಳಿ ನನ್ನ ಮಾದರಿ ಮನೆಯ ವರದಿಯನ್ನು ತರಿಸಿ, ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಸುಣ್ಣದ ಸಾಲು ಬಂದಾಗ ಇನ್ನೊಮ್ಮೆ ಓದು ಎಂದರು. ಬಡ್ತಿ ಎರಡು ವರ್ಷ ನಿಂತಿತು, ನೌಕರಿ ಉಳಿಯಿತು. ಅಂದಿನಿಂದ ನಮ್ಮ ಆಫೀಸಿನಲ್ಲಿ ಹೊಸ ಮೀಟರು ಕೂರಿಸಿದ ದಿನ ಒಂದೊಂದೇ ಮನೆಯ ದೀಪ ಹಚ್ಚಿ ನೋಡಿ, ಮನೆಯವರ ಸಹಿ ತರಬೇಕೆಂದು ನಿಯಮವಾಯಿತು. ನಿಮಗೆ ಈಗ ಆ ಸಹಿಯ ಕಾಗದ ಪೀಡೆ ಎನಿಸುತ್ತದಂತೆ. ಅದರ ಮೂಲಪುರುಷ ನಾನು, ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಊರಿಗೆ ಕಳಿಸುವ ಮಾತು ಸದ್ಯಕ್ಕೆ ನಿಂತು, ಆ ವರ್ಷ ಅಂಬಾಬಾಯಿ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಹೋಯಿತು. ದೀಪವಿಲ್ಲದ ನಾಲ್ಕು ತಿಂಗಳನ್ನು ಒಂದೂವರೆ ತಿಂಗಳಲ್ಲಿ ತುಂಬಿಸಲು ಆಗಲಿಲ್ಲ. ಫಲಿತಾಂಶ ಬಂದ ದಿನ ನಾನು ಆಫೀಸಿಗೆ ಹೋಗದೆ ರಾಯರ ಮನೆಗೆ ಹೋದೆ. ಕಳಿಸಿಕೊಡಿ ಎಂದು ಅತ್ತೆಮನೆಯವರು ಬರೆದ ಪತ್ರ ಗೋಡೆಯ ಗೂಡಿನಲ್ಲೇ ಇತ್ತು. ಈ ವರ್ಷ ಹಾಳಾದದ್ದು ನನ್ನಿಂದ, ಆಕೆಯಿಂದಲ್ಲ, ಇನ್ನೊಂದು ವರ್ಷ ಕೊಡಿರಿ ಎಂದು ಕೈಮುಗಿದೆ. ರಾಯರು ನನ್ನ ಮುಖ ನೋಡಲಿಲ್ಲ. ಗೂಡಿನಲ್ಲಿದ್ದ ಪತ್ರವನ್ನು ತೆಗೆದು ಹರಿದುಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟೆ.

ಮರುವರ್ಷ ಆಕೆ ಪಾಸಾದಳು, ಗಣಿತದಲ್ಲೇ ಹೆಚ್ಚು ಅಂಕ. ಸಾತಾರೆಯ ಕಡೆ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿಯೂ ಸಿಕ್ಕಿತು. ಹೊರಡುವ ಮುಂಚೆ, ಅಣ್ಣನನ್ನು ಹೊರಗೆ ನಿಲ್ಲಿಸಿ, ಒಬ್ಬಳೇ ನಮ್ಮ ಆಫೀಸಿನ ಒಳಗೆ ಬಂದಳು. ಕಾರಕೂನರೆಲ್ಲ ತಲೆ ಎತ್ತಿ ನೋಡಿದರು. ನನ್ನ ಮೇಜಿನ ಮೇಲೆ ಪೇಢೆಯ ಪೊಟ್ಟಣ ಇಟ್ಟಳು. ನಾನು ದೊಡ್ಡ ಮನುಷ್ಯನ ಹಾಗೆ ನಕ್ಕು, ಹಳೆಯದೆಲ್ಲ ಮರೆತಿರಲ್ಲ, ಅಷ್ಟೇ ಸಾಕು ತಾಯಿ ಎಂದೆ.

"ಮರ್ತಿಲ್ರೀ," ಎಂದಳು ಅಂಬಾಬಾಯಿ. ಧ್ವನಿಯಲ್ಲಿ ಸಿಡುಕಿರಲಿಲ್ಲ. "ನೀವು ಬಂದು ಹೇಳಿದ್ದಕ್ಕ ಪೇಢೆ ತಂದೀನಿ. ನನ್ನ ಒಂದು ವರ್ಷ ಹೋತು, ಅದರ ಸಿಟ್ಟು ಇನ್ನೂ ಅದ. ಪೇಢೆ ಬ್ಯಾರೆ, ಸಿಟ್ಟು ಬ್ಯಾರೆ."

ನಮಸ್ಕಾರ ಮಾಡಿ ಹೋದಳು. ನಾನು ಪೊಟ್ಟಣ ಬಿಚ್ಚಿ ಇಡೀ ಆಫೀಸಿಗೆ ಹಂಚಿದೆ. ಯಾವ ಸಂತೋಷಕ್ಕೆ ಎಂದು ಎಲ್ಲರೂ ಕೇಳಿದರು. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿದೆ, ಕುಂಕುಮದಿಂದ ಹಿಡಿದು ಆಕೆಯ ಕಡೆಯ ಮಾತಿನವರೆಗೆ, ಒಂದನ್ನೂ ಬಿಡದೆ.